ಚಹಾ ಮುಗಿಯುವ ತನಕ

ಜಾಲಹಳ್ಳಿಯ ತಮ್ಮ ಮನೆಯನ್ನು ಖಾಲಿ ಮಾಡಿ, ಗದಗಿನಲ್ಲಿರುವ ತಂಗಿಯ ಮನೆಗೆ ಹೊರಡುವ ಮುನ್ನಾದಿನ ಮೇಡಂ ಪಕ್ಕದ ಅಬ್ಬಿಗೆರೆಗೆ ಬಂದರು. ಅಲ್ಲಿ ನನ್ನ ತಂಗಿ ಸುಮಿತ್ರಾ ಒಂದು ಸಣ್ಣ ಶಾವಿಗೆ ಕಾರ್ಖಾನೆ ನಡೆಸುತ್ತಾಳೆ. ನಾನು ಅದರ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಬಾಗಿಲಲ್ಲಿ ಆಟೋ ನಿಂತಿತು. ಅವರು ಇಳಿಯುವ ಮೊದಲು ಆಟೋದವನೊಂದಿಗೆ ಬಳಸುದಾರಿಯ ಬಗ್ಗೆ ಒಂದು ಸುತ್ತು ಜಗಳ ಮುಗಿಸಿದರು. ಒಳಗೆ ಬಂದವರೇ ಕೈಚೀಲದಿಂದ ಒಂದು ಸ್ಟೀಲ್ ಲೋಟ ತೆಗೆದು ನನ್ನ ಮೇಜಿನ ಮೇಲೆ ಕುಕ್ಕಿದರು.

"ಮಾಸ್ತರ, ಆ ಮಿಕ್ಸರಿನ ಡ್ರೈವಿನ ಡಬ್ಬಿ ಬಾಜೂಕ ಒಂದು ಮೊಳಿ ಬಡದು ಇದನ್ನ ತೂಗ ಹಾಕ್ರಿ. ನಾ ಇಲ್ಲಂತ ಯಾರೂ ಅವಸರ ಮಾಡಬಾರದು."

"ಆಯಿತು ಮೇಡಂ."

"ಆಯಿತು ಅನ್ನೋದಲ್ಲ, ಈಗ ಬಡೀರಿ. ನೋಡೇ ಹೋಗಾಕಿ ನಾ."

ಬಡಿದೆ. ಲೋಟದ ಅಂಚಿನ ಕೆಳಗೆ ಅವರು ಮೊದಲೇ ಒಂದು ತೂತು ಕೊರೆಸಿ, ದಾರ ಪೋಣಿಸಿ ತಂದಿದ್ದರು. ತೂತಿರುವ ಲೋಟವನ್ನು ಯಾರೂ ಮನೆಗೆ ಒಯ್ಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಮೊಳೆಯನ್ನು ಎರಡು ಸಲ ಎಳೆದು ನೋಡಿ, ತೃಪ್ತಿಯಾದ ಮೇಲೆ ಕುಳಿತರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಗದಗಿನಿಂದ ಫೋನು ಮಾಡಿ, "ನನ್ನ ಬಗ್ಗೆ ಇಷ್ಟ ಬರದ್ರೇನು?" ಎಂದು ಕೇಳುತ್ತಾರೆಯೇ ಹೊರತು, ಏಕೆ ಬರೆದಿರಿ ಎಂದು ಕೇಳುವುದಿಲ್ಲ. ಸಂಕೋಚವೆಂಬುದು ಅವರ ಸ್ವಭಾವದಲ್ಲಿರಲಿಲ್ಲ. ಜಾಲಹಳ್ಳಿಯ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ವಿದ್ಯುತ್ ಎಂಜಿನಿಯರ್ ಆಗಿ ದುಡಿದು ನಿವೃತ್ತರಾಗಿದ್ದರು. ಆ ವಿಭಾಗದ ಮೊದಲ ಹೆಂಗಸು ತಾನೇ ಎಂಬುದನ್ನು ಪರಿಚಯವಾದ ಹತ್ತು ನಿಮಿಷದೊಳಗೆ ಹೇಳುತ್ತಿದ್ದರು. ಎರಡನೆಯ ಭೇಟಿಯಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. ಬೆಂಗಳೂರಿನ ಸಾರು ಸಿಹಿ, ಬೆಂಗಳೂರಿನ ಮೆಣಸಿನಕಾಯಿ ಬಜ್ಜಿ ಮೆಣಸಿನಕಾಯಿಗೆ ಮಾಡಿದ ಅವಮಾನ, ಬೆಂಗಳೂರಿನವರು ಮಾತನ್ನು ಅರ್ಧಕ್ಕೆ ನುಂಗುತ್ತಾರೆ: ಇವು ಅವರ ಸ್ಥಿರವಾದ ಅಭಿಪ್ರಾಯಗಳು. ಕೊನೆಯದರಲ್ಲಿ ಮಾತ್ರ ನನ್ನ ಸಹಮತವಿತ್ತು.

ನಾನು ಯಲಹಂಕದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು. ಗಂಟಲಿನ ತೊಂದರೆಯಿಂದ ತರಗತಿಯಲ್ಲಿ ದನಿ ಏರಿಸಲಾಗದಂತಾದಾಗ, ಸುಮಿತ್ರಾ ತನ್ನ ಕಾರ್ಖಾನೆಗೆ ಕರೆದಳು. ಹಸಿರು ಮಾರ್ಗದ ಮೆಟ್ರೊ ರೈಲು ನಾಗಸಂದ್ರದವರೆಗೆ ಓಡತೊಡಗಿದ ವರ್ಷವದು. ಎಂಟು ಹೆಂಗಸರು ಅಲ್ಲಿ ಕೆಲಸ ಮಾಡುತ್ತಿದ್ದರು. ಹಿಟ್ಟು ನಾದುವ ಮಿಕ್ಸರು, ಶಾವಿಗೆ ಒತ್ತುವ ಯಂತ್ರ, ಒಣಗಿಸುವ ಕೋಣೆ, ಇಷ್ಟೇ ಕಾರ್ಖಾನೆ. ಮಿಕ್ಸರು ನಿಂತರೆ ಉಳಿದೆರಡೂ ನಿಲ್ಲುತ್ತವೆ. ಆ ಮಿಕ್ಸರಿನ ಮೋಟಾರು ನಾನು ಸೇರುವ ಮೊದಲೇ ಒಂದು ಸಲ ಸುಟ್ಟುಹೋಗಿತ್ತು.

ಮೇಡಂ ಮೊದಲ ಸಲ ಬಂದದ್ದು ಗಿರಾಕಿಯಾಗಿ. ಸರಿಯಾಗಿ ಹೇಳಬೇಕೆಂದರೆ, ದೂರುದಾರರಾಗಿ. ಪೊಟ್ಟಣವನ್ನು ಎತ್ತಿ ಹಿಡಿದು, "ಏನ್ರೀ ಇದು, ಶಾವಿಗಿ ಮಾರ್ತೀರೋ ಹಗ್ಗ ಮಾರ್ತೀರೋ?" ಎಂದರು. ಸುಮಿತ್ರಾ ಉತ್ತರಿಸುವುದರೊಳಗೆ ಅವರ ಕಿವಿ ಬೇರೆಲ್ಲಿಗೋ ಹೋಗಿತ್ತು.

"ಒಳಗ ಯಾರೋ ಅಳಾಕತ್ಯಾರಲ್ಲ?"

"ಯಾರೂ ಇಲ್ಲ ಮೇಡಂ, ಮೋಟರ್ ಸೌಂಡು."

"ಅದನ್ನ ನಾ ಕೇಳಿದ್ದು," ಎನ್ನುತ್ತ ಯಾರ ಅಪ್ಪಣೆಯನ್ನೂ ಕಾಯದೆ ಒಳಗೆ ನಡೆದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮೋಟಾರಿನ ಮೈಮೇಲೆ ಅಂಗೈ ಇಟ್ಟು, ತಕ್ಷಣ ತೆಗೆದರು. "ಮೈ ಸುಡಾಕತ್ತೈತಿ. ಇದು ಭಾಳ ದಿನ ಬಾಳಂಗಿಲ್ರಿ," ಎಂದು ಹೇಳಿ, ಫೋನ್ ನಂಬರು ಬರೆದುಕೊಟ್ಟು, ಹಗ್ಗವೆಂದು ಜರೆದ ಶಾವಿಗೆಯನ್ನೇ ಎರಡು ಪೊಟ್ಟಣ ಕೊಂಡು ಹೋದರು. ಅವರು ಹೋದ ಮೇಲೆ ಸುಮಿತ್ರಾ, "ಬಂದೋರೆಲ್ಲ ಶಕುನ ನುಡೀತಾರಪ್ಪ," ಎಂದು ಗೊಣಗಿದಳು. ವಾರ ಕಳೆಯುವುದರೊಳಗೆ ಮೋಟಾರು ಎರಡನೆಯ ಸಲ ಸುಟ್ಟಿತು.

ಅಂದು ಸುಮಿತ್ರಾ ಹಿಟ್ಟಿನ ಮೂಟೆಗಳ ಮೇಲೆ ಕುಳಿತು ಹೇಳಿದ ಮಾತು ನನಗೆ ನೆನಪಿದೆ. "ಅಣ್ಣ, ಇನ್ನೊಂದ್ಸಲ ಸುಟ್ರೆ ಬಾಗಿಲು ಹಾಕ್ಬಿಡ್ತೀನಿ. ನನ್ ಕೈಲಾಗಲ್ಲ. ಇವ್ರಿಗೆಲ್ಲ ಏನ್ ಹೇಳ್ಲಿ?" ಅವಳು ಕೈ ತೋರಿಸಿದ ಕಡೆ ಗಂಗಮ್ಮ ಮಿಕ್ಸರಿನ ಬಾಯಿಂದ ಅರೆನಾದಿದ ಹಿಟ್ಟನ್ನು ಕಿತ್ತು ಬಕೆಟ್ಟಿಗೆ ತುಂಬುತ್ತಿದ್ದಳು. ಗಂಗಮ್ಮ ಎಂಟು ಮಂದಿಯಲ್ಲಿ ಹಿರಿಯಳು. ಅಬ್ಬಿಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯೇ ಇರುವವಳು. ಹಿಟ್ಟಿನ ಹದವನ್ನು ಬೆರಳಿನಿಂದ ಹೇಳಬಲ್ಲವಳು ಅವಳೊಬ್ಬಳೇ. "ಮೋಟ್ರು ಓದ್ರೆ ಓಗ್ಲಿ ಬುಡಮ್ಮ, ಇಟ್ಟು ಕೆಟ್ಟೋಯ್ತದೆ, ಮೊದ್ಲು ಅದ್ನ ನೋಡು," ಎಂದು ಸುಮಿತ್ರಾಳನ್ನೇ ಗದರಿಸಿದಳು.

ಆ ನಂಬರಿಗೆ ಫೋನು ಹೋಯಿತು.

ಮೇಡಂ ಹೇಳಿದ ಹೊತ್ತಿಗೆ ಬರುವವರಲ್ಲ. ಹತ್ತು ಗಂಟೆ ಎಂದವರು ಊಟದ ವೇಳೆಗೆ ಬಂದರು. ಅಂದು ನಮ್ಮ ಎಲೆಕ್ಟ್ರಿಷಿಯನ್ ಶಿವಣ್ಣನೂ ಇದ್ದ. ಕೆಲಸದಲ್ಲಿ ಚುರುಕು, ಸೋಮಾರಿತನವಿಲ್ಲ. ಆದರೆ ಡ್ರೈವ್ ಎಂಬ ಪೆಟ್ಟಿಗೆ ಅವನಿಗೂ ಹೊಸದು. ಮೋಟಾರಿನ ವೇಗವನ್ನು ಬೇಕಾದಂತೆ ತಗ್ಗಿಸಿ ಏರಿಸುವ ಸಾಧನವದು. ವೇಗವಾಗಿ ನಾದಿದರೆ ಹಿಟ್ಟು ಬಿಸಿಯಾಗಿ ಶಾವಿಗೆ ಬಿರಿಯುತ್ತದೆಂದು ಸುಮಿತ್ರಾ ಅದನ್ನು ಹಾಕಿಸಿದ್ದಳು. ಶಿವಣ್ಣ ಸ್ವಿಚ್ಚು ಕೆಳಗಿಳಿಸಿ, ಸ್ಕ್ರೂಡ್ರೈವರ್ ತೆಗೆದು ಡ್ರೈವಿನ ಮುಚ್ಚಳಕ್ಕೆ ಕೈ ಹಾಕಿದ.

"ತಡಿ! ಕೈ ತಗೀ!"

ಅವರ ಕೂಗಿಗೆ ಒಣಗಿಸುವ ಕೋಣೆಯಲ್ಲಿದ್ದ ಹೆಂಗಸರೂ ಹೊರಗೆ ಬಂದರು.

"ಮೇಡಂ, ಮೇನ್ ಆಫ್ ಮಾಡಿದೀನಲ್ಲ."

"ನೀ ಆಫ್ ಮಾಡಿದ್ದು ಅದಕ್ಕ ಗೊತ್ತಾಗಬೇಕಲ್ಲ? ಒಳಗ ಕೆಪಾಸಿಟರ್ ಅದಾವು, ಕುಡದ ಕರೆಂಟನ್ನ ಲಗೂನ ಕಾರಂಗಿಲ್ಲ. ಈಗ ಮುಟ್ಟಿದ್ರ ನಿನ್ನ ಹೆಂಡ್ತಿ ನನ್ನ ಮನಿಗೆ ಬಂದು ಅಳತಾಳ. ಸುಮಿತ್ರಾ, ಚಹಾ ಮಾಡ್ಸವ್ವ. ಎಲ್ಲಾರಿಗೂ. ಬಿಸೀದು."

ಚಹಾ ಬಂತು. ತಮ್ಮದೇ ಲೋಟವನ್ನು ಚೀಲದಿಂದ ತೆಗೆದು, ಅದರಲ್ಲೇ ಹಾಕಿಸಿಕೊಂಡು, ಊದಿ ಊದಿ, ನಮ್ಮ ಮನೆತನ, ನನ್ನ ಹಳೆಯ ಶಾಲೆ, ಶಿವಣ್ಣನ ಮಾವನ ಆಸ್ತಿ ಎಲ್ಲವನ್ನೂ ವಿಚಾರಿಸುತ್ತ ಕುಡಿದರು. ಸರ್ಕಾರಿ ಕಾರ್ಖಾನೆಯ ಅಭ್ಯಾಸ ಇಲ್ಲಿಗೂ ಬಂತಲ್ಲ ಎಂಬಂತೆ ಸುಮಿತ್ರಾ ನನ್ನ ಮುಖ ನೋಡಿದಳು. ಲೋಟ ಬರಿದಾದ ಮೇಲೆ ಮೇಡಂ ಎದ್ದು, ಮುಚ್ಚಳ ತೆಗೆದು, ಮೀಟರಿನ ಎರಡು ಕಡ್ಡಿಗಳನ್ನು ಒಳಗೆ ತಾಗಿಸಿ, ಅಂಕಿ ಸೊನ್ನೆಗಿಳಿದುದನ್ನು ಶಿವಣ್ಣನಿಗೆ ತೋರಿಸಿದರು.

"ಚಹಾ ನಂಬಿಕಿ, ಮೀಟರ್ ಖಾತ್ರಿ. ಎರಡೂ ಬೇಕು. ಬರೇ ಕಾಯ್ರಿ ಅಂದ್ರ ಯಾರೂ ಕಾಯಂಗಿಲ್ಲ ಮಾಸ್ತರ. ಚಹಾ ಕುಡೀರಿ ಅಂದ್ರ ಕಾಯ್ತಾರ."

ಸಾಲಿನಲ್ಲಿ ನಿಲ್ಲಿ ಎಂದರೆ ನಿಲ್ಲದ ಮಕ್ಕಳನ್ನು ಪ್ರಾರ್ಥನೆ ಹಾಡಿಸಿ ನಿಲ್ಲಿಸುತ್ತಿದ್ದ ನನಗೆ ಆ ಮಾತು ಬೇಗ ಹಿಡಿಸಿತು.

ಮೋಟಾರು ಸುಟ್ಟ ಕಾರಣವನ್ನು ಅವರು ವಿವರಿಸಿದ್ದು ಗಂಗಮ್ಮನಿಗೆ, ನಮಗಲ್ಲ. ಗಂಗಮ್ಮನಿಗೆ ಅರ್ಥವಾದರೆ ಉಳಿದವರಿಗೂ ಆಗುತ್ತದೆ ಎಂದೋ, ಅಥವಾ ಗಂಗಮ್ಮ ಮಾತ್ರ ಎದುರುತ್ತರ ಕೊಡುತ್ತಾಳೆ ಎಂದೋ, ತಿಳಿಯದು.

"ಮೋಟಾರಿನ ಬೆನ್ನಾಗ ಒಂದು ಬೀಸಣಿಕಿ ಐತಿ, ಕಾಣತೈತಿಲ್ಲ? ಅದನ್ನ ತಿರಗಸೋದು ಯಾರು?"

"ಮೋಟ್ರೇ ತಿರುಗುಸ್ತದೆ."

"ಹೌದಲ್ಲ? ನಿಮ್ಮ ಸುಮಿತ್ರವ್ವಾರು ಡ್ರೈವ್ ಹಚ್ಚಿ ಮೋಟಾರನ್ನ ನಿಧಾನ ಮಾಡಿದ್ರು. ಬೀಸಣಿಕೀನೂ ನಿಧಾನ ಆತು. ಹಿಟ್ಟು ಏನ್ ಮೆತ್ತಗಾತೇನು?"

"ಅದ್ಯಾಕ್ ಮೆತ್ಗಾಯ್ತದೆ? ಅಂಗೇ ಗಟ್ಟಿ."

"ಅಷ್ಟ ನೋಡು. ತಲಿ ಮ್ಯಾಲ ಮೂಟಿ ಹೊತ್ತಾಂವ ತನಗ ತಾನ ಗಾಳಿ ಹಾಕ್ಕೋಬೇಕಂದ್ರ ಏನಾಗ್ತಾನ?"

"ಬೆವ್ತು ಸಾಯ್ತಾನೆ," ಎಂದು ಗಂಗಮ್ಮ ತೀರ್ಪು ಕೊಟ್ಟಳು.

ಶಿವಣ್ಣ ಸುಮ್ಮನಿರಲಿಲ್ಲ. "ಓವರ್‌ಲೋಡ್ ರಿಲೇ ಹಾಕಿದ್ದೆ ಮೇಡಂ. ಅದು ಟ್ರಿಪ್ ಆಗಿ ಮೋಟರ್ ನಿಲ್ಬೇಕಿತ್ತಲ್ವಾ?"

"ಅದು ಕರೆಂಟ್ ಎಣಸ್ತದ, ಜ್ವರಾ ನೋಡಂಗಿಲ್ಲ. ಜ್ವರಾ ನೋಡ್ಬೇಕಂದ್ರ ಬಗಲಾಗ ಥರ್ಮಾಮೀಟರ್ ಇಡಬೇಕಪ್ಪ."

ಹಾಗೆಯೇ ಮಾಡಿಸಿದರು. ಮೋಟಾರಿಗೆ ಹೊಸ ತಂತಿ ಸುತ್ತುವಾಗ ಸುರುಳಿಗಳ ನಡುವೆ ಕಾಳಿನಷ್ಟು ಸಣ್ಣ ಶಾಖಸೂಚಕಗಳನ್ನು ಹುದುಗಿಸಿ, ಅವುಗಳ ತಂತಿಯನ್ನು ಡ್ರೈವಿಗೆ ತಂದು ಸೇರಿಸಿದರು. ಒಡಲು ಕಾದರೆ ಡ್ರೈವೇ ಮೋಟಾರನ್ನು ನಿಲ್ಲಿಸುತ್ತದೆ. ಮೋಟಾರಿನ ಬೆನ್ನಿಗೆ ಬೇರೆಯೇ ವಿದ್ಯುತ್ತಿನಿಂದ ಓಡುವ ಫ್ಯಾನೊಂದನ್ನು ಕೂರಿಸಿದರು. ಈ ಫ್ಯಾನಿನ ವಿಷಯದಲ್ಲಿ ಅವರು ಎಡವಿದ್ದನ್ನೂ ಹೇಳಬೇಕು. ಶಿವಣ್ಣನನ್ನು ಪಕ್ಕಕ್ಕೆ ಸರಿಸಿ, "ಈ ಕೆಲಸ ನನಗ ಬಿಡು," ಎಂದು ತಾವೇ ತಂತಿ ಜೋಡಿಸಿದರು. ಸ್ವಿಚ್ಚು ಹಾಕಿದೊಡನೆ ಫ್ಯಾನು ಹಿಂದುಮುಂದಾಗಿ ತಿರುಗಿ, ಕವಚದೊಳಗೆ ಸೇರಿದ್ದ ಹಿಟ್ಟಿನ ಧೂಳೆಲ್ಲ ಹೊರಗೆದ್ದು ಅವರ ತಲೆಯ ಮೇಲೆ ಕುಳಿತಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ನಗ್ರಿ, ನಗ್ರಿ. ತಪ್ಪು ನಂದ. ವಯಸ್ಸಾದದ್ದು ಒಮ್ಮೆಲೆ ಕಂಡಂಗಾತು," ಎನ್ನುತ್ತ ಬಿಳಿತಲೆಯಲ್ಲೇ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಅದಕ್ಕೂ ಮುನ್ನ ಮತ್ತೊಂದು ಸುತ್ತು ಚಹಾ ಆಯಿತು.

ತೂಕದ ಯಂತ್ರದ ಕಥೆಯನ್ನೂ ಮರೆಯಲಾರೆ. ಮಿಕ್ಸರು ಓಡುವಾಗಲೆಲ್ಲ ಪೊಟ್ಟಣ ತೂಗುವ ಯಂತ್ರದ ಅಂಕಿಗಳು ತಾವಾಗಿ ಕುಣಿಯುತ್ತಿದ್ದವು. ತಟ್ಟೆಯ ಮೇಲೆ ಏನೂ ಇಲ್ಲದಿದ್ದರೂ ತೂಕ ತೋರಿಸುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ನಾವು ಅದನ್ನೇ ಬದಲಿಸಿದ್ದೆವು, ಹೊಸದೂ ಕುಣಿಯಿತು. ಮೇಡಂ ನೋಡಿದ್ದು ತೂಕದ ಯಂತ್ರವನ್ನಲ್ಲ, ಡ್ರೈವಿನಿಂದ ಮೋಟಾರಿಗೆ ಹೋಗುವ ತಂತಿಯನ್ನು. ಅದು ತೂಕದ ಯಂತ್ರದ ತಂತಿಯೊಂದಿಗೆ ಒಂದೇ ಕೊಳವೆಯಲ್ಲಿ ಹೋಗುತ್ತಿತ್ತು. "ಜಗಳಗಂಟಿ ಸೊಸೀನೂ ಕಿವಿ ಸೂಕ್ಷ್ಮ ಇರೋ ಅತ್ತೀನೂ ಒಂದ ಖೋಲ್ಯಾಗ ಇಟ್ಟೀರಲ್ಲ," ಎಂದು, ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಎಳೆಸಿದರು. ಮೋಟಾರಿನ ತಂತಿಯ ಗದ್ದಲ ಹೊರಗೆ ಸೋರದಂತೆ, ತಾಮ್ರದ ಹೆಣಿಗೆಯ ಕವಚವಿರುವ ಕೇಬಲ್ಲು ತರಿಸಿದರು. ಶಿವಣ್ಣ ಆ ಹೆಣಿಗೆಯನ್ನು ಬಿಚ್ಚಿ, ಹುರಿ ಮಾಡಿ, ತುದಿಯನ್ನು ಅರ್ತಿಂಗ್ ತಂತಿಗೆ ಸಿಕ್ಕಿಸಲು ಹೊರಟ.

"ಜಡೀ ಹೆಣೀಬ್ಯಾಡೋ ಶಿವಣ್ಣ, ಅದೇನ್ ಮದುವಿ ಹೆಣ್ಣಲ್ಲ. ಕೊರಳಪಟ್ಟಿ ಹಾಕು. ಸುತ್ತೂ ಕಡೆ ಅಪ್ಪಿ ಹಿಡೀಬೇಕು. ಎರಡೂ ತುದಿಗೂ."

ಸುತ್ತಲೂ ಅಪ್ಪುವ ಲೋಹದ ಪಟ್ಟಿಯನ್ನು ಎರಡೂ ತುದಿಗೆ ಬಿಗಿದ ಮೇಲೆ ಮಿಕ್ಸರು ಓಡಿತು. ತೂಕದ ಯಂತ್ರ ಸೊನ್ನೆಯಲ್ಲಿ ನಿಂತಿತು. ಸುಮಿತ್ರಾ ಅದರ ಮುಂದೆ ಕೈಕಟ್ಟಿ ನಿಂತು ಬಹಳ ಹೊತ್ತು ಆ ಸೊನ್ನೆಯನ್ನೇ ನೋಡಿದಳು. ಮೋಟಾರಿನ ಮೈಮೇಲೆ ಕೈಯಿಟ್ಟು, ತೆಗೆಯದೆ, "ಬೆಚ್ಚಗಿದೆ ಅಷ್ಟೆ ಅಣ್ಣ, ಬರೀ ಬೆಚ್ಚಗಿದೆ," ಎಂದಳು. ಕಾರ್ಖಾನೆ ಉಳಿಯಿತೆಂದು ನಾವಿಬ್ಬರೂ ಅಂದೇ ನೆಮ್ಮದಿಯ ಉಸಿರುಬಿಟ್ಟೆವು.

ಮೇಡಂ ಬಿಡಲಿಲ್ಲ. ಮರುದಿನವೂ ಬಂದರು. ಅವರ ಕಣ್ಣು ಈಗ ಮೋಟಾರಿನ ಮೇಲಿರಲಿಲ್ಲ. ಅದನ್ನು ಓಡಿಸುವ ಸ್ವಿಚ್ಚಿನ ಮೇಲಿತ್ತು. ಗೋಡೆಯಲ್ಲಿ ಒಂದು ತಿರುಗಿಸುವ ಸ್ವಿಚ್ಚಿತ್ತು. ಬೆಳಿಗ್ಗೆ ತಿರುಗಿಸಿದರೆ ಸಂಜೆಯವರೆಗೆ ಹಾಗೆಯೇ ಇರುತ್ತಿತ್ತು. ನಡುವೆ ಕರೆಂಟು ಹೋದರೆ ಮಿಕ್ಸರು ನಿಲ್ಲುತ್ತಿತ್ತು, ಬಂದರೆ ತಾನಾಗಿ ಓಡುತ್ತಿತ್ತು. ಅಬ್ಬಿಗೆರೆಯಲ್ಲಿ ಬೇಸಿಗೆಯ ದಿನ ಕರೆಂಟು ಎಷ್ಟು ಸಲ ಹೋಗಿ ಬರುತ್ತಿತ್ತೆಂದು ಹೇಳಬೇಕಾಗಿಲ್ಲ. ಯಾರೂ ಎದ್ದು ಹೋಗಬೇಕಿಲ್ಲದ ಈ ಏರ್ಪಾಡು ಎಲ್ಲರಿಗೂ ಪ್ರಿಯವಾಗಿತ್ತು.

"ಕರೆಂಟ್ ಹೋದಾಗ ಹಿಟ್ಟಿಗೆ ಏನ್ ಮಾಡ್ತೀರಿ?" ಎಂದು ಮೇಡಂ ಕೇಳಿದರು.

"ಬುಟ್ರೆ ಗಟ್ಟಿಯಾಯ್ತದಲ್ಲ, ಕೈಯಾಕಿ ತಿರುವ್ತೀವಿ," ಎಂದಳು ಗಂಗಮ್ಮ. ಮಿಕ್ಸರಿಗೆ ಜಾಲರಿಯ ಮುಚ್ಚಳವೊಂದಿತ್ತು. ಹದ ನೋಡಲು ಅಡ್ಡಿಯೆಂದು ಅದನ್ನು ತೆಗೆದು ಗೋಡೆಗೆ ಒರಗಿಸಿದ್ದರು.

ಮೇಡಂ ಆ ಮುಚ್ಚಳವನ್ನೂ ಮಿಕ್ಸರಿನ ಬಾಯಲ್ಲಿದ್ದ ಅಲಗುಗಳನ್ನೂ ಒಂದೊಂದಾಗಿ ನೋಡಿದರು.

ತಿರುಗಿಸುವ ಸ್ವಿಚ್ಚನ್ನು ಕಿತ್ತುಹಾಕಿಸಿದರು. ಅದರ ಬದಲು ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ ಬಂದವು. ಕರೆಂಟು ಹೋಗಿ ಬಂದರೆ ಮಿಕ್ಸರು ಇನ್ನು ತಾನಾಗಿ ಓಡದು. ಯಾರಾದರೂ ಹೋಗಿ ಹಸಿರು ಒತ್ತಬೇಕು. ಕೆಂಪು ಗುಂಡಿಯನ್ನು ಮಿಕ್ಸರಿನ ಪಕ್ಕದಲ್ಲೇ ಇರಿಸಿದರು. ಹಸಿರನ್ನು ಮಾತ್ರ ಬೇಕೆಂದೇ ದೂರದ ಕಂಬಕ್ಕೆ ಹಾಕಿಸಿದರು. "ಮಿಕ್ಸರಿನ ಬಾಯಾಗ ಒಂದು ಕೈ ಇಟ್ಟಾಕಿಗೆ ಇನ್ನೊಂದು ಕೈಲೆ ಹಸರು ಎಟಕಬಾರದು," ಎಂಬುದು ಅವರ ಸೂತ್ರ.

ಗುಂಡಿಗಳ ಮೇಲೆ ಬರೆಯುವ ಕೆಲಸ ನನಗೆ ಬಂತು. 'ಚಾಲನೆ', 'ನಿಲುಗಡೆ' ಎಂದು ಅಂದವಾಗಿ ಬರೆದೆ.

"ಅಕ್ಷರಾ ಮುತ್ತಿನಂಗ ಅದಾವ್ರಿ. ಆದ್ರ 'ನಿಲುಗಡೆ' ಅಂತ ಓದಿ ಮುಗಿಸೋದ್ರಾಗ ಬೆರಳು ಹೋಗಿರ್ತದ. 'ನಿಲ್ಲು' ಅಂತ ಬರೀರಿ. ದೊಡ್ಡದಾಗಿ."

ಅಳಿಸಿ 'ನಿಲ್ಲು' ಎಂದು ಬರೆದೆ. ಇಂದಿಗೂ ಇದೆ.

ಸುಮಿತ್ರಾಳಿಗೆ ಈ ಏರ್ಪಾಡು ಒಗ್ಗಲಿಲ್ಲ. "ಮೇಡಂ, ಪ್ರತೀ ಸಲ ಕರೆಂಟ್ ಬಂದಾಗ್ಲೂ ಒಬ್ರು ಎದ್ದು ಅಲ್ಲೀವರೆಗೂ ಹೋಗ್ಬೇಕಾ? ಕೈಯಲ್ಲಿ ಹಿಟ್ಟಿರತ್ತೆ. ಮೊದ್ಲಿದ್ದಿದ್ದೇ ಚೆನ್ನಾಗಿತ್ತು."

"ಚೆನ್ನಾಗಿತ್ತು, ಯಾಕಂದ್ರ ಇನ್ನೂ ಏನೂ ಆಗಿರ್ಲಿಲ್ಲ. ಮುಚ್ಚಳಕ್ಕೂ ಒಂದು ಸ್ವಿಚ್ ಹಾಕೋಣ ಸುಮಿತ್ರಾ. ಮುಚ್ಚಳ ತೆಗದ್ರ ಮಿಕ್ಸರ್ ನಿಲ್ಲಬೇಕು."

"ಅಯ್ಯೋ, ಇನ್ನೊಂದಾ? ಆಯುಧಪೂಜೆ ಮುಗೀಲಿ ಮೇಡಂ, ಪ್ಲೀಸ್. ಆರ್ಡರ್ ತುಂಬಾ ಇದೆ."

ಮೇಡಂ ಒಪ್ಪಿದರು, ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಹೊರಡುವ ಮುನ್ನ ಡ್ರೈವಿನ ಮುಂದೆ ನಿಂತು, ಕೈಪಿಡಿಯ ಪುಟಗಳನ್ನು ತಿರುವುತ್ತ, ಅದರ ಸಣ್ಣ ಗುಂಡಿಗಳನ್ನು ಒತ್ತಿ ಏನನ್ನೋ ಬದಲಿಸಿದರು. ಕೇಳಿದ್ದಕ್ಕೆ, "ಏನಿಲ್ರಿ, ಸ್ವಲ್ಪ ಬುದ್ಧಿ ಹೇಳಿದೆ ಅದಕ್ಕ," ಎಂದರು.

ಹಬ್ಬಕ್ಕೆ ಇನ್ನೂ ಕೆಲವು ದಿನಗಳಿದ್ದವು. ಬೆಳಗಿನಿಂದ ಕೆಲಸ ಭರದಿಂದ ಸಾಗಿತ್ತು. ನಾನು ನನ್ನ ಮೇಜಿನಲ್ಲಿದ್ದೆ. ಅಲ್ಲಿಂದ ಮಿಕ್ಸರು ನೇರವಾಗಿ ಕಾಣುತ್ತದೆ. ಊಟದ ವೇಳೆಗೆ ಸ್ವಲ್ಪ ಮೊದಲು ಕರೆಂಟು ಹೋಯಿತು. ರೇಡಿಯೊ ನಿಂತಿತು, ಫ್ಯಾನುಗಳು ನಿಧಾನವಾದವು, ಮಿಕ್ಸರು ನಿಂತಿತು. ಗಂಗಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಅಲಗುಗಳ ನಡುವೆ ಮೊಳಕೈವರೆಗೆ ತೋಳನ್ನು ಇಳಿಸಿ, ತಳದ ಹಿಟ್ಟನ್ನು ಎಬ್ಬಿಸತೊಡಗಿದಳು. ಪಕ್ಕದವಳೊಂದಿಗೆ ಏನೋ ಹೇಳಿ ನಗುತ್ತಿದ್ದಳು.

ಆಗ ಕರೆಂಟು ಬಂತು.

ದೀಪಗಳು ಹತ್ತಿದವು. ಫ್ಯಾನುಗಳು ತಿರುಗಿದವು. ರೇಡಿಯೊ ಅರ್ಧಕ್ಕೆ ಬಿಟ್ಟಿದ್ದ ಜಾಹೀರಾತನ್ನು ದೊಡ್ಡ ದನಿಯಲ್ಲಿ ಎತ್ತಿಕೊಂಡಿತು. ಮೋಟಾರಿನ ಬೆನ್ನಿನ ಫ್ಯಾನು ಗುಂಯ್ ಎಂದಿತು. ಆ ಸದ್ದಿಗೆ ಗಂಗಮ್ಮನ ನಗು ನಿಂತಿತು. ತೋಳು ಒಳಗೇ ಇತ್ತು. ಅವಳು ಅದನ್ನು ಎಳೆದುಕೊಳ್ಳಲೂ ಇಲ್ಲ. ಕಣ್ಣುಗಳು ಮಾತ್ರ ದೂರದ ಕಂಬದ ಹಸಿರು ಗುಂಡಿಯ ಮೇಲೆ ನೆಟ್ಟಿದ್ದವು. ನಾನು ಕೂಗಲು ಬಾಯಿ ತೆರೆದೆ. ಗಂಟಲಿನಿಂದ ದನಿ ಹೊರಡಲಿಲ್ಲ.

ಮಿಕ್ಸರು ಅಲುಗಲಿಲ್ಲ.

ಸುಮಿತ್ರಾ ಓಡಿಬಂದು ಕೆಂಪು ಗುಂಡಿಯನ್ನು ಒತ್ತಿ ಹಿಡಿದಳು. ಇಬ್ಬರು ಹೆಂಗಸರು ಗಂಗಮ್ಮನ ಭುಜ ಹಿಡಿದು ಈಚೆಗೆ ಎಳೆದರು. ತೋಳು ಹಿಟ್ಟಿನ ಸಮೇತ ಹೊರಬಂತು. ಅವಳು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟಳು.

"ಏನಾಗಿಲ್ಲ ಗಂಗಮ್ಮ, ಮಿಕ್ಸರ್ ಓಡ್ಲೇ ಇಲ್ಲ, ನೋಡು. ಯಾರೂ ಹಸ್ರು ಒತ್ತಿಲ್ಲ," ಎಂದಳು ಸುಮಿತ್ರಾ.

ಗಂಗಮ್ಮ ತಲೆಯಾಡಿಸಿದಳು, ಅಲ್ಲವೆಂದು. ಎಷ್ಟು ಸಮಾಧಾನ ಹೇಳಿದರೂ ಅಲ್ಲ ಅಲ್ಲವೆಂದೇ ತಲೆಯಾಡಿಸಿ, ಕಂಬದ ಕಡೆ ಬೆರಳು ತೋರಿಸಿದಳು.

ನಾನು ಹೋಗಿ ನೋಡಿದೆ. ಹಸಿರು ಗುಂಡಿ ಒಳಕ್ಕೆ ಒತ್ತಿಕೊಂಡೇ ಇತ್ತು. ಅದರ ಸುತ್ತಲಿನ ಬಳೆಗೂ ಗುಂಡಿಗೂ ನಡುವೆ, ಒಣಗಿ ಕಲ್ಲಾದ ಹಿಟ್ಟಿನ ಚೂರೊಂದನ್ನು ಬೆಣೆಯಂತೆ ಬಿಗಿಯಾಗಿ ಸಿಕ್ಕಿಸಲಾಗಿತ್ತು.

"ನಾನೇ ಸಿಗ್ಸಿದ್ದು ಸಾಮಿ, ಬೆಳಿಗ್ಗೆ," ಎಂದಳು ಗಂಗಮ್ಮ. "ಸಲ ಸಲಕ್ಕೂ ಅಲ್ಲೀಗಂಟ ಯಾರ್ ಓಗಾದು ಅಂತ. ಒತ್ತೇ ಇದ್ರೆ ಮೊದ್ಲಿನಂಗೆ ತಾನೇ ಓಡ್ತದೆ ಅಂತ." ಆಮೇಲೆ, ಯಾರನ್ನೂ ನೋಡದೆ, "ಸಿಗ್ಸಿದ್ದು ಮರ್ತೇ ಓಗಿತ್ತು," ಎಂದಳು.

ಸುಮಿತ್ರಾಳ ಕೈ ಇನ್ನೂ ಕೆಂಪು ಗುಂಡಿಯ ಮೇಲೇ ಇತ್ತು. ಗುಂಡಿ ಒತ್ತಿಯೇ ಇತ್ತು, ಕರೆಂಟೂ ಬಂದಿತ್ತು. ಹಾಗಾದರೆ ಮಿಕ್ಸರು ಏಕೆ ಓಡಲಿಲ್ಲ? ಇದು ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತಿಳಿಯದೆ ಆ ಯಂತ್ರದ ಹತ್ತಿರ ಯಾರೂ ಹೋಗುವಂತಿರಲಿಲ್ಲ. ಶಿವಣ್ಣ ಬಂದು ಮೇನ್ ಸ್ವಿಚ್ಚು ಇಳಿಸಿದ. ನಾನು ಮೇಡಂಗೆ ಫೋನು ಮಾಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಹೇಳಿದ ಹೊತ್ತಿಗಿಂತ ಮುಂಚೆ ಬಂದರು. ಆಟೋದವನೊಂದಿಗೆ ಜಗಳವನ್ನೂ ಆಡಲಿಲ್ಲ.

ಮೊದಲು ಗಂಗಮ್ಮನ ತೋಳನ್ನು ಹಿಡಿದು, ಮಣಿಕಟ್ಟಿನಿಂದ ಮೊಳಕೈವರೆಗೆ ಒತ್ತಿ ಒತ್ತಿ ನೋಡಿದರು. ಆಮೇಲೆ ಕಂಬದ ಹತ್ತಿರ ಹೋಗಿ, ಹಿಟ್ಟಿನ ಚೂರನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಅಂಗೈಯಲ್ಲಿಟ್ಟುಕೊಂಡು ಬಂದರು. ಬೈಗುಳಕ್ಕೆ ಸಿದ್ಧಳಾಗಿ ಗಂಗಮ್ಮ ತಲೆ ತಗ್ಗಿಸಿದ್ದಳು.

"ನಾವು ಕಡ್ಡಿಪೆಟ್ಟಿಗಿ ಕಡ್ಡಿ ಸಿಗಸ್ತಿದ್ವಿ," ಎಂದರು ಮೇಡಂ. "ನೀ ಹಿಟ್ಟು ಸಿಗಸೀದಿ. ಇದ ಗಟ್ಟಿ ಐತಿ."

ಗಂಗಮ್ಮ ತಲೆಯೆತ್ತಿದಳು.

"ಹೂಂ, ನಾನೂ ಮಾಡೀನಿ. ಹೊಸದಾಗಿ ಕೆಲಸಕ್ಕ ಸೇರಿದ್ದೆ. ಗುಂಡಿ ಒತ್ತಿ ಒತ್ತಿ ಬ್ಯಾಸರಾಗಿ ಕಡ್ಡಿ ತುರುಕಿ ಊಟಕ್ಕ ಹೋಗಿದ್ದೆ. ನಮ್ಮ ಫೋರ್‌ಮನ್ ನೋಡಿ ತಗದು, ನನ್ನ ಟೇಬಲ್ ಮ್ಯಾಲ ಇಟ್ಟು ಹೋಗಿದ್ದ. ಒಂದು ಮಾತು ಬೈಲಿಲ್ಲ. ಅವತ್ತ ಏನೂ ಆಗ್ಲಿಲ್ಲ ಗಂಗಮ್ಮ. ಏನೂ ಆಗ್ಲಿಲ್ಲಲ್ಲ, ಅದ ಇವತ್ತಿಗೂ ನನ್ನ ನಿದ್ದಿ ಕೆಡಸ್ತದ."

"ಮತ್ತೆ ಇದ್ಯಾಕೆ ಓಡ್ಲಿಲ್ಲ ಮೇಡಂ? ಬಟನ್ ಒತ್ತೇ ಇತ್ತಲ್ಲ," ಎಂದು ಸುಮಿತ್ರಾ ಕೇಳಿದಳು.

"ಅವತ್ತು ಹೋಗೂ ಮುಂದ ಡ್ರೈವಿಗೆ ಬುದ್ಧಿ ಹೇಳಿದ್ನಲ್ಲ. ಕರೆಂಟ್ ಬಂದಾಗ ಗುಂಡಿ ಮೊದಲ ಒತ್ತಿದ್ದು ಕಂಡ್ರ ನಂಬಬ್ಯಾಡ ಅಂತ. ಬಿಟ್ಟು, ಮತ್ತೊಮ್ಮೆ ಒತ್ತಿದ್ರ ಮಾತ್ರ ಓಡು ಅಂತ. ಇವರು ಏನರೆ ಸಿಗಸೇ ಸಿಗಸ್ತಾರ ಅಂತ ನನಗ ಗೊತ್ತಿತ್ತು. ನಾ ಸಿಗಸಿದಾಕಿ ಅಲ್ಲೇನು?"

"ನಮಗೊಂದು ಮಾತು ಹೇಳಬಹುದಿತ್ತಲ್ಲ," ಎಂದೆ ನಾನು.

"ಹೇಳಿದ್ರ ಅದರ ಮ್ಯಾಲ ಭಾರ ಹಾಕಿ ನಿಂದ್ರತಿದ್ರಿ ಮಾಸ್ತರ. ಅದು ಕಟ್ಟಕಡೀ ಗೋಡಿ. ಅದಕ್ಕ ಒರಗಬಾರದು. ಇವತ್ತ ಮುಚ್ಚಳದ ಸ್ವಿಚ್ ಹಾಕೇ ಹೋಗಾಕಿ. ಹಬ್ಬಾ ಗಿಬ್ಬಾ ಅನಬ್ಯಾಡ್ರಿ."

ಸುಮಿತ್ರಾ ತಾನೇ ಹೋಗಿ ಗೋಡೆಗೆ ಒರಗಿಸಿದ್ದ ಜಾಲರಿಯ ಮುಚ್ಚಳವನ್ನು ತಂದಳು. ಶಿವಣ್ಣ ಚೀಲ ಬಿಚ್ಚಿ, ಅಭ್ಯಾಸಬಲದಿಂದ ಡ್ರೈವಿನ ಕಡೆ ಒಂದು ಹೆಜ್ಜೆ ಇಟ್ಟು, ತಾನೇ ನಿಂತುಕೊಂಡ. "ಟೀ ಹೇಳಿ ಬರ್ತೀನಿ ಮೇಡಂ," ಎಂದ.

"ಶಾಣ್ಯಾ ಆದಿ," ಎಂದರು ಅವರು.

ಚಹಾ ಬಂತು. ಮೇಡಂ ತಮ್ಮ ಸ್ಟೀಲ್ ಲೋಟವನ್ನು ಚೀಲದಿಂದ ತೆಗೆದು, ಅದನ್ನು ತುಂಬಿಸಿ, ತಾವು ಕುಡಿಯದೆ ಗಂಗಮ್ಮನ ಮುಂದೆ ಹಿಡಿದರು. ಗಂಗಮ್ಮ ಎಡಗೈ ಚಾಚಿದಳು.

"ಈ ಕೈಯಲ್ಲ. ಆ ಕೈ."

ಬೆರಳುಗಳ ಸಂದಿಯಲ್ಲಿ ಹಿಟ್ಟು ಒಣಗಿ ಬಿಳಿಚಿಕೊಂಡಿದ್ದ ಬಲಗೈಯಿಂದ ಗಂಗಮ್ಮ ಲೋಟ ಹಿಡಿದಳು. ಹಿಡಿದವಳೇ ಮುಖ ಕಿವುಚಿದಳು.

"ಬಿಸಿ ಐತೇನು?"

"ಸುಡ್ತಾ ಅದೆ ಕಣವ್ವ."

"ಸುಡ್ಲಿ. ಕೈ ಐತಿ ಅಂತ ಆತು. ಕುಡಿ."

ಗಂಗಮ್ಮ ಅಳಲಾರಂಭಿಸಿದಳು, ಅಳುತ್ತಲೇ ಊದಿ ಊದಿ ಕುಡಿದಳು. ಹೆಂಗಸರೂ, ಶಿವಣ್ಣನೂ, ಸುಮಿತ್ರಾಳೂ, ನಾನೂ ನಮ್ಮ ನಮ್ಮ ಲೋಟಗಳನ್ನು ಹಿಡಿದು ಆ ನಿಂತ ಮಿಕ್ಸರಿನ ಸುತ್ತ ಕುಳಿತೆವು. ಅಷ್ಟು ನಿಧಾನವಾಗಿ ನಾನು ಎಂದೂ ಚಹಾ ಕುಡಿದವನಲ್ಲ. ಅಂದು ಯಾರೂ ಅವಸರ ಮಾಡಲಿಲ್ಲ.